ಗಾಸ್ಪಾರ್‌ನ ಚೀಸ್ ಮತ್ತು ಸಿದೋನಿಯ ಒಂದು ಮಾತು

"ಮದಾಮ್! ಬೆರಳು!"

ಸಿದೋನಿ ಬೆಚ್ಚಿಬಿದ್ದು ಕೈ ಹಿಂದಕ್ಕೆಳೆದುಕೊಂಡಳು. ಆಡಿನ ಹಾಲಿನ ಚೀಸ್ ಮೆತ್ತಗಿದೆಯೇ ಎಂದು ಒತ್ತಿ ನೋಡಿದ್ದಳಷ್ಟೇ! ಸಂತೆಯ ಚೀಸ್ ಅಂಗಡಿಯ ಯುವಕ ಗಾಸ್ಪಾರ್ ಹುಬ್ಬು ಗಂಟಿಕ್ಕಿ ನಿಂತಿದ್ದ.

"ನಿಮ್ಮ ಕೆನ್ನೆ ಮೆತ್ತಗಿದೆಯಾ ಅಂತ ನಾನು ಒತ್ತಿ ನೋಡಿದ್ನಾ?"

ಸಾಲಿನಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಅವಳ ಮುಖ ಕೆಂಪೇರಿತು. ಆದರೂ ಬಾಯಿ ಸುಮ್ಮನಿರಬೇಕಲ್ಲ!

"ಒತ್ತಿದ್ರೆ ಕಪಾಳಕ್ಕೆ ಬೀಳ್ತಿತ್ತು."

ಗಾಸ್ಪಾರ್‌ನ ಹುಬ್ಬು ಸಡಿಲಿತು. ಒಂದು ಚೂರು ಕತ್ತರಿಸಿ ಚಾಚಿದ.

"ಮೊದ್ಲು ತಿನ್ನಿ. ಆಮೇಲೆ ಹೊಡೀರಿ."

ಲಿಲ್ ನಗರದ ಸಿದೋನಿ ಬೇಸಿಗೆ ಕಳೆಯಲು ವಾಲ್ಬ್ರೂನ್ ಹಳ್ಳಿಯ ಜಿನೆಟ್ ಅತ್ತೆಯ ಮನೆಗೆ ಬಂದಿದ್ದಳು. ಗುರುವಾರ ಬಂತೆಂದರೆ ಬುಟ್ಟಿ ಹಿಡಿದು ಚರ್ಚಿನ ಮುಂದಿನ ಸಂತೆಗೆ ಓಟ. ಏಪ್ರಿಕಾಟ್, ಆಲಿವ್, ಬಿಸಿ ಬ್ರೆಡ್... ಕೊನೆಗೆ ಗಾಸ್ಪಾರ್‌ನ ಅಂಗಡಿ. ಬೂದಿ ಸವರಿ ಹದಮಾಡಿದ ಚೀಸ್ ಒಂದನ್ನು ಅವನು ಅವಳಿಗೆಂದೇ ಎತ್ತಿಡುತ್ತಿದ್ದ. 'ನೀವು' ಹೋಗಿ 'ನೀನು' ಬಂದದ್ದು ಇಬ್ಬರಿಗೂ ತಿಳಿಯಲೇ ಇಲ್ಲ.

ಆಗಸ್ಟ್‌ನಲ್ಲಿ ಸಿದೋನಿಗೆ ಹೊಟ್ಟೆ ಕೆಟ್ಟಿತು. ವಾಂತಿ, ಜ್ವರ. ನೋಡಲು ಬಂದ ಬೇಕರಿಯ ಮದಾಮ್ ರೂಬೋ, "ಏನು ತಿಂದ್ಯೇ ಮಗಳೇ?" ಎಂದಾಗ ನರಳುತ್ತಲೇ ಅಂದುಬಿಟ್ಟಳು:

"ಗಾಸ್ಪಾರ್ ಕೊಟ್ಟ ಚೀಸ್ ಇರ್ಬೇಕು..."

ಅಷ್ಟೇ ಸಾಕಾಯಿತು! ಬ್ರೆಡ್ಡಿನ ಜೊತೆ ಆ ಮಾತೂ ಮನೆಮನೆ ಸೇರಿತು.

ಚೇತರಿಸಿಕೊಂಡ ಮೇಲೆ ಸಿದೋನಿಗೆ ಅತ್ತೆಯ ಕಾರಿನಲ್ಲಿ ಬಾತುಕೋಳಿ ಮಾಂಸದ ಖಾಲಿ ಡಬ್ಬಿ ಕಂಡಿತು. ಕಾಯಿಲೆ ಬೀಳುವ ಮುನ್ನ ಆ ಮಾಂಸವನ್ನು ಉರಿಬಿಸಿಲಿನಲ್ಲಿ ಕಾರಿನೊಳಗೇ ಬಿಟ್ಟು ಮಧ್ಯಾಹ್ನವೆಲ್ಲ ಹೊಳೆಯಲ್ಲಿ ಈಜಿದ್ದಳು. ದಡಕ್ಕೆ ಬಂದು ಹಸಿವಿಗೆ ಅದನ್ನೇ ಬಾಚಿ ತಿಂದಿದ್ದಳು. ಚೀಸ್ ಅತ್ತೆಯೂ ತಿಂದಿದ್ದರು, ಅವರಿಗೇನೂ ಆಗಿರಲಿಲ್ಲ!

'ಅಯ್ಯೋ... ನಾನೇನು ಮಾಡಿಬಿಟ್ಟೆ!'

ಗುರುವಾರ ಗಾಸ್ಪಾರ್‌ನ ಮುಂದೆ ಒಬ್ಬರೂ ಇರಲಿಲ್ಲ. ಅವನ ಕಣ್ಣು ಅವಳನ್ನೇ ಹುಡುಕುತ್ತಿತ್ತು. ಸಿದೋನಿ ಮೀನಿನ ಗಾಡಿಯ ಹಿಂದೆ ಮರೆಯಾದಳು. 'ಇವತ್ತು ಬೇಡ... ಮುಂದಿನ ವಾರ ಹೇಳ್ತೀನಿ.' ಮುಂದಿನ ವಾರವೂ ಅದೇ ಹೇಡಿತನ. ಅದರ ಮುಂದಿನ ವಾರ ಅವನ ಜಾಗವೇ ಖಾಲಿ.

ಅಂದೇ ಸಿದೋನಿ ಗುಡ್ಡ ಹತ್ತಿ ಅವನ ಆಡಿನ ಕೊಟ್ಟಿಗೆಗೆ ಹೋದಳು. ಗಾಸ್ಪಾರ್ ಮಾರಾಟವಾಗದ ಚೀಸನ್ನು ಹಂದಿಗಳ ಮುಂದೆ ಸುರಿಯುತ್ತಿದ್ದ. ಅಳುತ್ತಳುತ್ತಲೇ ಎಲ್ಲ ಹೇಳಿದಳು.

"ನನಗ್ಯಾಕೆ ಹೇಳ್ತೀರಿ ಮದಾಮ್?" ಅವನ ದನಿ ತಣ್ಣಗಿತ್ತು. "ನನ್ನ ಚೀಸ್ ಕೆಟ್ಟಿರ್ಲಿಲ್ಲ ಅಂತ ನನಗೆ ಮೊದ್ಲೇ ಗೊತ್ತು."

'ಮತ್ತೆ ಮದಾಮ್ ಆಗಿಬಿಟ್ಟೆನಲ್ಲ!' ಅವಳು ಕಣ್ಣೊರೆಸಿಕೊಂಡಳು.

"ಗುರುವಾರ ಅಂಗಡಿ ಹಾಕು... ಒಂದೇ ಒಂದು ಸಲ..."

ಅವನು ಬೆನ್ನು ತಿರುಗಿಸಿ ಉಳಿದ ಚೀಸನ್ನೂ ಸುರಿದ. ಆದರೆ ಗುರುವಾರ ಬಂದ.

ಸಿದೋನಿ ಹಣ್ಣಿನ ಪೆಟ್ಟಿಗೆಯೊಂದರ ಮೇಲೆ ಹತ್ತಿದಳು.

"ಎಲ್ರೂ ಕೇಳಿ! ನನ್ನ ಹೊಟ್ಟೆ ಕೆಡಿಸಿದ್ದು ಗಾಸ್ಪಾರ್ ಚೀಸಲ್ಲ. ಬಿಸಿಲಲ್ಲಿ ಬಿಟ್ಟ ಮಾಂಸ ನಾನೇ ತಿಂದೆ. ಗೊತ್ತಾದ ಮೇಲೂ ಬಾಯಿ ಬಿಡ್ಲಿಲ್ಲ!"

"ಇಷ್ಟು ದಿನ ಬಾಯಿಗೆ ಬೀಗ ಹಾಕ್ಕೊಂಡಿದ್ಯಾ?" ಮೀನಿನವನು ಕೂಗಿದ.

"ಹೌದು... ನಾಚ್ಕೆಯಾಯ್ತು. ಅದು ಇನ್ನೂ ದೊಡ್ಡ ತಪ್ಪು."

ಮದಾಮ್ ರೂಬೋ ನಾಚಿ ಕೆಂಪಾಗಿ ಮುಂದೆ ಬಂದಳು. "ನಾಲ್ಕು ಕೊಡಪ್ಪಾ ಗಾಸ್ಪಾರ್. ನನ್ನ ನಾಲಿಗೆಯೂ ಉದ್ದವಾಯ್ತು, ಊರೆಲ್ಲ ಹಂಚಿದ್ದು ನಾನೇ." ಅವಳ ಹಿಂದೆ ಇನ್ನೊಬ್ಬರು... ಮತ್ತೊಬ್ಬರು...

ಮಧ್ಯಾಹ್ನ ಅಂಗಡಿಗಳು ಎದ್ದವು. ಸಿದೋನಿ ತಲೆ ತಗ್ಗಿಸಿಯೇ ನಿಂತಿದ್ದಳು.

"ನನಗೆ ಸಿಟ್ಟು ಬಂದದ್ದು ಆ ಮಾತಿಗಲ್ಲ," ಗಾಸ್ಪಾರ್ ಮೆಲ್ಲಗೆ ಹೇಳಿದ. "ಊರೆಲ್ಲ ಬಿಟ್ಟುಹೋದಾಗ ನೀನೊಬ್ಳಾದ್ರೂ ಬರ್ತೀಯ ಅಂತ ಕಾದಿದ್ದೆ. ನೀನು ಮೀನಿನ ಗಾಡಿ ಹಿಂದೆ ಬಚ್ಚಿಟ್ಕೊಂಡೆ."

"ನೋಡಿದ್ಯಾ?"

"ನಿನ್ನ ಬಿಟ್ಟು ಇನ್ಯಾರನ್ನ ನೋಡ್ಲಿ?"

ಅವಳ ಕಣ್ಣು ತುಂಬಿತು. "ಗಾಸ್ಪಾರ್... ನಿನ್ನನ್ನ ತುಂಬಾ ಪ್ರೀತಿಸ್ತೀನಿ. ಅದಕ್ಕೇ ನಿನ್ನ ಮುಖ ನೋಡೋ ಧೈರ್ಯ ಬರ್ಲಿಲ್ಲ. ಈ ಸಂಕಟ ಇನ್ನೂ ಹೋಗಿಲ್ಲ."

"ನಿಧಾನವಾಗಿ ಹೋಗ್ಲಿ ಬಿಡು. ನಾನೆಲ್ಲಿಗೆ ಹೋಗ್ತೀನಿ?" ಅವನು ಅವಳ ಕೈ ಹಿಡಿದುಕೊಂಡ. "ಒಂದು ಮಾತು ಕೊಡು. ಇನ್ನು ಮೇಲೆ ಹೊಟ್ಟೆ ಕೆಟ್ರೂ, ಮನಸ್ಸು ಕೆಟ್ರೂ... ಮೊದ್ಲು ನನಗೇ ಹೇಳ್ಬೇಕು."

"ಹೇಳ್ತೀನಿ. ಈಗ್ಲೇ ಒಂದು ಹೇಳ್ಲಾ?"

"ಏನು?"

"ಬೆಳಗ್ಗಿಂದ ಏನೂ ತಿಂದಿಲ್ಲ ಕಣೋ... ಹಸಿವು!"