ನೊಗ ಬಿಚ್ಚಿದ ಇನ್ನಾಸಮ್ಮ

ನಮ್ಮಜ್ಜಿಯ ಅಜ್ಜಿಗೂ ಹಿಂದಿನ ಮಾತು. ಬೆಟ್ಟಗಳಾಚೆ ಹಾಲಂಬಿ ಎಂಬ ರಾಜ್ಯವಿತ್ತು. ಅಲ್ಲಿಯ ರಾಜ ಹೆಸರಿಗೆ ಮಾತ್ರ ರಾಜ. ಆಳುತ್ತಿದ್ದವನು ಮೋಹಕೇತು ಎಂಬ ಮಾಂತ್ರಿಕ. ಅವನ ಅರಮನೆಯ ಬಾಗಿಲು ಸದಾ ತೆರೆದಿರುತ್ತಿತ್ತು. ಬಂದವರಿಗೆ ಬೇಡಿದ್ದನ್ನು ಕೊಡುತ್ತಿದ್ದ. ತೆಗೆದುಕೊಂಡವರು ಎತ್ತುಗಳಾಗುತ್ತಿದ್ದರು. ಆ ಎತ್ತುಗಳನ್ನು ಹಿತ್ತಲಿನ ದೊಡ್ಡ ಗಾಣಕ್ಕೆ ಕಟ್ಟುತ್ತಿದ್ದ. ಗಾಣ ತಿರುಗುತ್ತಿರುವವರೆಗೂ ಅವನ ಮಾಯೆ ನಡೆಯುತ್ತಿತ್ತು.

ಇದು ಊರಿಗೆಲ್ಲ ಗೊತ್ತಿತ್ತು. ಆದರೂ ಜನ ಹೋಗುತ್ತಿದ್ದರು. ತಾವು ಮಾತ್ರ ಸ್ವಲ್ಪವೇ ತೆಗೆದುಕೊಂಡು ಬಂದುಬಿಡುತ್ತೇವೆ ಎಂದುಕೊಳ್ಳುತ್ತಿದ್ದರು.

ನೇಕಾರರ ಕೇರಿಯ ಚೌರಪ್ಪ ಒಂದು ಜರಿ ರುಮಾಲಿಗೆ ಆಸೆಪಟ್ಟು ಹೋದ. ಹಿಂದಿರುಗಲಿಲ್ಲ. ಅವನ ತಂಗಿ ಇನ್ನಾಸಮ್ಮ ಮಗ್ಗ ಬಿಟ್ಟು ಎದ್ದಳು. ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಅಣ್ಣನ ಮೇಲೆ, ಮಾಂತ್ರಿಕನ ಮೇಲೆ, ಗೊತ್ತಿದ್ದೂ ಸುಮ್ಮನಿದ್ದ ಊರಿನ ಮೇಲೆ.

ತಾಯಿ ಮದಲೇನಮ್ಮ ಅವಳ ಹಣೆಗೆ ಶಿಲುಬೆ ಗುರುತು ಹಾಕಿದಳು. "ಯೇಸುಸ್ವಾಮಿಯನ್ನು ನೆನೆಯುತ್ತಾ ಹೋಗು ಮಗಳೇ," ಎಂದಳು.

ಅರಮನೆಯ ಮೊದಲ ಹಜಾರದಲ್ಲಿ ಮಾತಾಡುವ ನವಿಲೊಂದು ಎಲೆ ಹಾಕಿ ಬಿಸಿ ಕಜ್ಜಾಯ ಬಡಿಸಿತು. ಇನ್ನಾಸಮ್ಮ ಬೆಳಗಿನಿಂದ ಉಂಡಿರಲಿಲ್ಲ.

"ಉಣ್ಣು ತಾಯಿ, ಯಾರೂ ನೋಡುತ್ತಿಲ್ಲ," ಎಂದಿತು ನವಿಲು.

"ಇದನ್ನು ಕರಿದ ಎಣ್ಣೆ ಎಲ್ಲಿಯದು?"

ನವಿಲು ಎಲೆಯನ್ನು ಇನ್ನಷ್ಟು ಹತ್ತಿರ ಸರಿಸಿತು.

"ನಮ್ಮಣ್ಣನ ಹೆಗಲು ಸವೆಸಿ ತೆಗೆದ ಎಣ್ಣೆ. ಅದನ್ನು ನನಗೇ ಬಡಿಸೋಕೆ ನಾಚಿಕೆಯಾಗಲಿಲ್ಲವೆ?" ಎಂದು ಎಲೆ ಮಡಚಿ ಎದ್ದಳು.

ಎರಡನೆಯ ಹಜಾರದಲ್ಲಿ ಒಂದು ಬಳೆ, ಅದರ ಹಿಂದೆ ಒಂದು ಕನ್ನಡಿ. ಕನ್ನಡಿಯೊಳಗೆ ಅವಳು ರಾಣಿಯಾಗಿ ಕೂತಿದ್ದಳು, ಕೇರಿಯವರೆಲ್ಲ ಕೈಮುಗಿದು ನಿಂತಿದ್ದರು. "ಈ ಬಳೆ ತೊಟ್ಟರೆ ನೀನೇ ರಾಣಿ," ಎಂದಿತು ಕನ್ನಡಿ. "ಎಷ್ಟು ಜನಕ್ಕೆ ಒಳ್ಳೆಯದು ಮಾಡಬಹುದು, ಯೋಚಿಸು."

ಇನ್ನಾಸಮ್ಮ ಯೋಚಿಸಿದಳು. ಬಳೆ ತೊಟ್ಟಳು. ತೊಟ್ಟ ಕೈಯ ಬೆರಳುಗಳು ಒಂದಕ್ಕೊಂದು ಅಂಟಿಕೊಂಡು ಗೊರಸಾದವು.

"ಒಳ್ಳೆಯದು ಮಾಡುವ ಆಸೆಯಲ್ಲ ಸ್ವಾಮಿ, ಕೈಮುಗಿಸಿಕೊಳ್ಳುವ ಆಸೆ. ತಪ್ಪಾಯಿತು, ಕೈಬಿಡಬೇಡ," ಎಂದು ಗೊರಸನ್ನು ಕಂಬಕ್ಕೆ ಬಡಿದಳು. ಬಳೆ ಒಡೆಯಿತು. ಬೆರಳುಗಳು ಮರಳಿದವು, ರಕ್ತ ಸೋರುತ್ತಿತ್ತು. ಅಣ್ಣನ ಮೇಲಿದ್ದ ಸಿಟ್ಟು ಅಲ್ಲೇ ಇಳಿದುಹೋಯಿತು.

ಹಿತ್ತಲಿಗೆ ಬಂದಳು. ಗಾಣ ಕಿರುಗುಟ್ಟುತ್ತಿತ್ತು. ಎತ್ತುಗಳ ಕಣ್ಣಿಗೆ ಪಟ್ಟಿ ಕಟ್ಟಿರಲಿಲ್ಲ. ಅವಳನ್ನು ಕಂಡು ಒಂದು ಎತ್ತು ಕಣ್ಣೀರು ಹಾಕಿತು. ಮೋಹಕೇತು ನಗುತ್ತಾ ಎದ್ದು ಬಂದು ತನ್ನ ಚಾಟಿಯನ್ನೇ ಅವಳ ಕೈಗಿತ್ತ.

"ನಿನ್ನ ಸಿಟ್ಟು ನ್ಯಾಯವಾದದ್ದೇ. ಹೊಡೆ. ಒಂದೇ ಏಟಿಗೆ ನಾನು ಸಾಯುತ್ತೇನೆ, ಇದೆಲ್ಲ ನಿನ್ನದಾಗುತ್ತದೆ."

ಇನ್ನಾಸಮ್ಮ ಚಾಟಿ ಎತ್ತಿದಳು. ಎತ್ತಿದ್ದೇ ತಡ, ಎತ್ತುಗಳೆಲ್ಲ ಮೈ ಕುಗ್ಗಿಸಿ ಜೋರಾಗಿ ಎಳೆಯತೊಡಗಿದವು. ಕಣ್ಣೀರು ಹಾಕಿದ್ದ ಅವಳ ಅಣ್ಣನೂ ಎಳೆದ. ಚಾಟಿ ಯಾರ ಕೈಯಲ್ಲಿದ್ದರೂ ಅವುಗಳಿಗೆ ಒಂದೇ ಆಗಿತ್ತು.

ಅವಳು ಚಾಟಿಯನ್ನು ಹಿತ್ತಲಿನ ಬಾವಿಗೆಸೆದಳು. "ನಿನ್ನನ್ನು ಕೊಲ್ಲೋಕೆ ಬಂದಿಲ್ಲ, ನಮ್ಮವರನ್ನು ಬಿಡಿಸೋಕೆ ಬಂದೆ," ಎಂದು ನೊಗದ ಗಂಟಿಗೆ ಕೈಹಾಕಿದಳು. ಮೋಹಕೇತು ಬೆದರಿಸಿದ, ಅರ್ಧ ರಾಜ್ಯ ಕೊಡುತ್ತೇನೆಂದ, ಕೊನೆಗೆ ಕಾಲಿಗೂ ಬಿದ್ದ. ಅವಳು ತಿರುಗಿ ನೋಡದೆ ಬಿಚ್ಚುತ್ತಲೇ ಹೋದಳು. ಕೊನೆಯ ಗಂಟು ಬಿಚ್ಚಿದಾಗ ಗಾಣ ನಿಂತಿತು.

ಎತ್ತುಗಳು ಮನುಷ್ಯರಾದವು. ನವಿಲೂ ಮಾಯೆ ಕಳೆದು ಹೆಂಗಸಾಯಿತು. ಮಾಂತ್ರಿಕ ಹಲ್ಲುದುರಿದ ಮುದುಕನಾದ.

ಸುದ್ದಿ ತಿಳಿದು ಊರವರು ದೊಣ್ಣೆ ಹಿಡಿದು ಓಡಿ ಬಂದರು. ಇನ್ನಾಸಮ್ಮ ಅಡ್ಡ ನಿಂತಳು.

"ಇವನ ಮೇಲೆ ನನಗೂ ಸಿಟ್ಟಿದೆ. ಆದರೆ ಇಷ್ಟು ದಿನ ಈ ದೊಣ್ಣೆಗಳು ಎಲ್ಲಿದ್ದವು?"

ಒಬ್ಬೊಬ್ಬರೇ ದೊಣ್ಣೆ ಕೆಳಗಿಟ್ಟರು.

ಗಾಣವನ್ನು ಸೀಳಿ ಸೌದೆ ಮಾಡಿ ಊರಿಗೆಲ್ಲ ಅಡುಗೆ ಮಾಡಿದರು. ಮುದುಕನನ್ನೂ ಪಂಕ್ತಿಯಲ್ಲಿ ಕೂರಿಸಿದರು. ಇನ್ನಾಸಮ್ಮ ಅವನಿಗೆ ನಗದೆ ಬಡಿಸಿದಳು. ಅವನು ಇನ್ನಷ್ಟು ಕೇಳಿದಾಗ, ಇನ್ನಷ್ಟು ಬಡಿಸಿದಳು.

ಅಂದಿನಿಂದ ಹಾಲಂಬಿಯಲ್ಲಿ ಮನುಷ್ಯರ ಹೆಗಲೇರಿದ ನೊಗವಿಲ್ಲ. ದುಡಿದವರು ತಮ್ಮ ದುಡಿಮೆ ತಾವು ಉಂಡು, ಕಣ್ತುಂಬ ನಿದ್ದೆ ಮಾಡಿ, ಸುಖವಾಗಿ ಬಾಳಿದರು.