ಷಡ್ಡಕನ ಗಿರಾಕಿಗಳು

ಎಂಟು ತಿಂಗಳು ಬೆನ್ನು ಬಗ್ಗಿಸಿ ಪೋರ್ಟಲ್ ಕಟ್ಟಿದವನು ಇವನು. ಉದ್ಘಾಟನೆಯ ದಿನ ಹೊಗಳಿಸಿಕೊಂಡವನು ಮೈಕು ಜೋಡಿಸಿದವನು! ಆನ್‌ಲೈನಿನಲ್ಲಿ ಕಿಟಕಿ ಪರದೆ ಮಾರಲು ಹೊರಟ ಷಡ್ಡಕ, ಹೆಂಡತಿಯ ತವರಿನವರೆಲ್ಲ ಕೂತಿದ್ದ ಸಭೆಯಲ್ಲಿ ಇವನ ಕಡೆ ಕೈ ತೋರಿಸಿ, "ಇವ್ರೂ ಕಂಪ್ಯೂಟರ್ ಕಡೆ ಸ್ವಲ್ಪ ಸಹಾಯ ಮಾಡಿದ್ರು" ಅಂದುಬಿಟ್ಟ. ಸ್ವಲ್ಪವಂತೆ! ಅತ್ತೆಯಂತೂ ಆ ಹಿರಿಯ ಅಳಿಯನನ್ನೇ ನೋಡುತ್ತ ಕಣ್ಣೊರೆಸಿಕೊಂಡರು. ಇವನಿಗೆ ಮೈಯೆಲ್ಲ ಉರಿದುಹೋಯಿತು.

ಆ ಮನೆಯವರ ಮುಂದೆ ಷಡ್ಡಕನ ಮುಖ ಒಮ್ಮೆಯಾದರೂ ಸಪ್ಪಗಾಗಬೇಕು. ಅದಕ್ಕೆ ಅವನ ಗಿರಾಕಿಗಳನ್ನೇ ಎಗರಿಸಬೇಕು. ಹಾಗಂತ ತನ್ನ ಮರ್ಯಾದೆಗೆ ಒಂದು ಗೀರೂ ಬೀಳಕೂಡದು. ಗೊತ್ತಾದರೆ ಹೆಂಡತಿ ಮನೆಯೊಳಗೆ ಸೇರಿಸುವುದೂ ಅನುಮಾನ.

ಎರಡೇ ವಾರದಲ್ಲಿ ಇನ್ನೊಂದು ಪೋರ್ಟಲ್ ಎದ್ದು ನಿಂತಿತು. ಹೆಸರು ಬೇರೆ, ಬಣ್ಣ ಬೇರೆ, ಪರದೆ ಹೊಲಿದುಕೊಡುವವರೂ ಬೇರೆ. ಷಡ್ಡಕನದರಲ್ಲಿ ಕಿಟಕಿಯ ಅಳತೆ ತುಂಬಲು ನಾಲ್ಕು ಪುಟ ದಾಟಬೇಕಿತ್ತು, ಹಾಗೇ ಬೇಕೆಂದು ಹಟ ಹಿಡಿದವನು ಆ ಪುಣ್ಯಾತ್ಮನೇ. ಇಲ್ಲಿ ಒಂದೇ ಪುಟ. ನೋಡಿ ನೋಡಿ ಇವನಿಗೇ ಹೆಮ್ಮೆಯಾಯಿತು.

ಇನ್ನು ಷಡ್ಡಕನ ಗಿರಾಕಿಗಳ ಪಟ್ಟಿ. ಆ ಪೋರ್ಟಲಿನ ಕೀಲಿ ಇವನ ಕೈಯಲ್ಲೇ ಇತ್ತು. ಆದರೂ ಕಳ್ಳತನಕ್ಕೂ ಒಂದು ಶಿಸ್ತು ಬೇಡವೇ? ಹೆಸರು, ವಿಳಾಸ ಇಟ್ಟುಕೊಂಡರೆ ಸಾಕ್ಷಿ ಇಟ್ಟುಕೊಂಡಂತೆ. ಅವನ್ನು ಕಣ್ಣೆತ್ತಿಯೂ ನೋಡದೆ ಫೋನ್ ನಂಬರುಗಳ ಸಾಲನ್ನಷ್ಟೇ ಎತ್ತಿಕೊಂಡ. ಒಟ್ಟು ಇನ್ನೂರ ಹದಿನಾಲ್ಕು. ಯಾರಿಗೂ ಗೊತ್ತಿಲ್ಲದ ಹೊಸ ಸಿಮ್ಮು, ಒಂದೂ ಹೆಸರು ತುಂಬದ ಹೊಸ ಫೋನು. ಹೆಂಡತಿ ತವರಿಗೆ ಹೋದ ಬೆಳಿಗ್ಗೆ ಎಲ್ಲರಿಗೂ ಒಟ್ಟಿಗೆ ಮೆಸೇಜು ಹೊರಟಿತು: ಮೊದಲ ಪರದೆ ಅರ್ಧ ಬೆಲೆಗೆ, ವಿವರಕ್ಕೆ ಫೋನ್ ಮಾಡಿ.

ಕಾಫಿ ಆರುವ ಮೊದಲೇ ಫೋನು ಬಡಿದುಕೊಂಡಿತು. ದೊಡ್ಡ ಕಂಪನಿಯ ಮ್ಯಾನೇಜರನ ಗತ್ತಿನಲ್ಲಿ ಗಂಟಲು ದಪ್ಪ ಮಾಡಿಕೊಂಡು, "ನಮಸ್ಕಾರ, ಹೇಳಿ ಮೇಡಂ. ಯಾವ ಕಿಟಕಿಗೆ ಬೇಕಾಗಿತ್ತು?" ಎಂದ.

ಆ ಕಡೆಯಿಂದ ಅತ್ತೆಯ ದನಿ: "ಅಯ್ಯೋ, ಅಳಿಯಂದ್ರೇ! ಗಂಟಲು ಯಾಕೆ ಹೀಗೆ ಕಟ್ಟಿದೆ? ಇದು ನಿಮ್ಮ ಅಂಗಡೀನಾ? ನೋಡಿ, ಇಲ್ಲಿ ಕೂತಿರೋರಿಗೆಲ್ಲ ನಿಮ್ಮ ಮೆಸೇಜು ಬಂದಿದೆ. ನನಗೆ, ನಿಮ್ಮ ಮಾವಂಗೆ, ಚಿಕ್ಕಮ್ಮಂಗೆ, ನಿಮ್ಮ ಹೆಂಡ್ತಿಗೂ. ಒಬ್ಬರನ್ನೂ ಬಿಟ್ಟಿಲ್ಲ ನೀವು! ಇಷ್ಟು ಚೆನ್ನಾಗಿರೋದನ್ನ ಒಬ್ಬರೇ ಮಾಡಿದ್ರಾ? ನಮಗೆ ಗೊತ್ತೇ ಇರಲಿಲ್ಲ ನೋಡಿ. ಪಾಪ, ದೊಡ್ಡ ಅಳಿಯಂದ್ರ ಅಂಗಡೀಲಿ ಇಲ್ಲೀವರೆಗೂ ಪರದೆ ತಗೊಂಡಿರೋದು ನಾವು ನೆಂಟರೇ, ಹೊರಗಿನೋರು ಒಬ್ಬರೂ ಬಂದಿಲ್ವಂತೆ. ಇರಿ, ಅವರೂ ಇಲ್ಲೇ ಪಕ್ಕದಲ್ಲಿ ಕೂತಿದಾರೆ, ಫೋನ್ ಕೊಡ್ತೀನಿ."