ತಲೆಯಿಲ್ಲದ ತೊಗಲು

"ಇದನ್ನ ಹೂಳಿಬಿಡಿ ರೈಟ್ರೇ," ಎಂದಳು ಚಿನ್ನಿ. "ಇದಕ್ಕೆ ತಲೆ ಇಲ್ಲ."

ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಮಾಯಿಲಪ್ಪ ಹೆಗಲ ಮೇಲಿದ್ದ ಹಸಿ ತೊಗಲನ್ನು ಅವಳ ಗುಡಿಸಲಿನ ಮುಂದಿನ ದಿಮ್ಮಿಯ ಮೇಲೆ ಹಾಕಿದ. ಕಾಡುಕುರಿಯ ತೊಗಲು, ನಾಯಿಯಂತೆ ಬೊಗಳುವ ಸಣ್ಣ ಜಿಂಕೆಯದು. ಹಿಂದಿನ ದಿನ ಎಸ್ಟೇಟಿನ ಬೇಲಿಯ ಹತ್ತಿರ ಅವನೇ ಹೊಡೆದದ್ದು. ಗುಂಡು ಕಿವಿಯ ಹಿಂದೆ ಹೊಕ್ಕು ಬುರುಡೆಯನ್ನು ಚೂರು ಮಾಡಿತ್ತು. ಮಿದುಳು ಹುಲ್ಲಿನ ಪಾಲಾಗಿತ್ತು.

"ತಲೆ ಯಾಕೆ? ನಾನೇನು ಅದಕ್ಕೆ ಟೋಪಿ ಹೊಲಿಸ್ತೇನಾ?"

ಚಿನ್ನಿ ನಗಲಿಲ್ಲ. "ಮಿದುಳು ಹಚ್ಚಿ ಹದ ಮಾಡೋದನ್ನ ಬೇಕಾದ್ರೆ ಕಲಿಸ್ತೇನೆ. ಆದ್ರೆ ಯಾವುದರ ತೊಗಲೋ ಅದರದೇ ಮಿದುಳು ಹಚ್ಚಬೇಕು. ಬೇರೇದು ಹಚ್ಚಿದ್ರೆ, ತನ್ನದು ಎಲ್ಲಿ ಅಂತ ಹುಡುಕ್ತದೆ."

"ಹುಡುಕಿ?"

"ಹತ್ತಿರ ಇರೋದನ್ನ ತಗೊಳ್ತದೆ."

ಅವಳ ಗಂಡ ಚಿನ್ನ ಜಗಲಿಯ ಮೇಲೆ ಕೂತು ಒಂದು ತುಂಡು ತೊಗಲನ್ನು ಹೆಬ್ಬೆರಳಿನಿಂದ ತಿಕ್ಕುತ್ತಿದ್ದ. ಒಂದು ಕಾಲದಲ್ಲಿ ತಿತಿಮತಿಯ ಸುತ್ತಮುತ್ತ ತೊಗಲು ಹದ ಮಾಡುವುದಕ್ಕೆ ಅವನದೇ ಕೈ ಎಂದು ಹೆಸರಿತ್ತು. ಈಗ ಅವನು ತಲೆ ಎತ್ತಿ, "ನೀವು ಯಾರ ಕಡೆಯವರು?" ಎಂದು ಕೇಳಿದ. ಆ ಬೆಳಿಗ್ಗೆ ಅದು ಮೂರನೆಯ ಸಲ.

"ಬೆಳಿಗ್ಗೇನೇ ಹಾಕಿದ್ದಾನಾ?" ಎಂದ ಮಾಯಿಲಪ್ಪ.

"ಅವನು ಕುಡಿಯೋದಿಲ್ಲ," ಎಂದಳು ಚಿನ್ನಿ.

ಮಾಯಿಲಪ್ಪ ತೊಗಲನ್ನು ಮತ್ತೆ ಹೆಗಲಿಗೇರಿಸಿಕೊಂಡು ನಡೆದ. ಅವಳ ಪಾಠ ಅವನಿಗೆ ಬೇಕಿರಲಿಲ್ಲ. ಅವನ ಹತ್ತಿರ ಪುಸ್ತಕವಿತ್ತು.

ಕೊಡಗು ಮೈಸೂರಿಗೆ ಸೇರಿದ ಎರಡನೆಯ ವರ್ಷ ಬಿಳಿಯ ದೊರೆ ಎಸ್ಟೇಟು ಮಾರಿ ಹಡಗು ಹತ್ತಿದ್ದ. ಬಂಗಲೆಯಲ್ಲಿ ಉಳಿದ ಪುಸ್ತಕಗಳನ್ನು ಹೊಸ ಯಜಮಾನರು ರೈಟರಿಗೆ ಕೊಟ್ಟಿದ್ದರು. ಅವುಗಳಲ್ಲಿ ಒಂದು ತೆಳ್ಳಗಿನದು, ಹೊಸದಾಗಿ ತೊಗಲು ಹದ ಮಾಡುವವರಿಗಾಗಿ ಬರೆದದ್ದು. ಯಾವ ಪ್ರಾಣಿಯ ಮಿದುಳಾದರೂ ನಡೆಯುತ್ತದೆ ಎಂದು ಅದರಲ್ಲಿತ್ತು. ಹೀಗೆ ಹದ ಮಾಡಿದ ತೊಗಲಿನಲ್ಲಿ ಎಲ್ಲೋ ಒಂದು ದೇಶದವರು ಹಸುಗೂಸುಗಳನ್ನು ಸುತ್ತಿ ಮಲಗಿಸುತ್ತಾರೆ ಎಂದೂ ಇತ್ತು. ಆ ಸಾಲನ್ನು ಅವನು ಹಲವು ಸಲ ಓದಿದ್ದ. ಹೆಂಡತಿ ಯಮುನಳಿಗೆ ದಿನ ತುಂಬುತ್ತಿತ್ತು. ಹಿಂದಿನ ಎರಡೂ ಹೊಟ್ಟೆಯಲ್ಲೇ ಹೋಗಿದ್ದವು. ಇದು ನಿಂತಿತ್ತು. ಡಿಸೆಂಬರಿನ ಮಂಜು ಹೆಂಚಿನ ಸಂದಿನಿಂದ ಮನೆಯೊಳಗೆ ಇಳಿಯುತ್ತಿತ್ತು. ಈ ಕೂಸಿಗೆ ಚಳಿ ತಾಗಬಾರದು. ಅವನಿಗೆ ಬೇಕಾಗಿದ್ದುದು ಇಷ್ಟೇ.

ತೊಗಲನ್ನು ಎರಡು ದಿನ ತೋಡಿನ ನೀರಿನಲ್ಲಿ ನೆನೆಹಾಕಿದ. ಕೂದಲು ಕೆರೆದ. ಒಳಗಿನ ಪೊರೆ ಕೆರೆದ. ಸಂತೆಯಿಂದ ಆಡಿನ ತಲೆ ತಂದು, ಮಿದುಳನ್ನು ಬಿಸಿನೀರಿನಲ್ಲಿ ಕಿವುಚಿ, ಗಂಜಿಯಂತಾದ ಮೇಲೆ ಬರಿಗೈಯಲ್ಲಿ ಹಚ್ಚಿದ. ಹಳಸಿದ ಬೆಣ್ಣೆಯ ವಾಸನೆ ಉಗುರಿನಡಿ ಕೂತುಬಿಟ್ಟಿತು. ತೊಗಲಿಗೆ ಕೋಲು ಹಾಕಿ ತಿರುಚಿ ಹಿಂಡಿದ. ಒಣಗುವವರೆಗೆ ಎಳೆದ. ಮತ್ತೆ ಹಚ್ಚಿದ, ಮತ್ತೆ ಎಳೆದ. ನಾಲ್ಕನೆಯ ದಿನಕ್ಕೆ ಅದು ಹಳೆಯ ಪಂಚೆಯಷ್ಟು ಮೆತ್ತಗಾಯಿತು. ಕುತ್ತಿಗೆಯ ಕಡೆಯ ಒಂದು ಅಂಗೈಯಗಲ ಮಾತ್ರ ಒಣಗಲೇ ಇಲ್ಲ. ಬಿಸಿಲಿಗಿಟ್ಟರೂ ತಣ್ಣಗೆ ತೇವವಾಗಿಯೇ ಇತ್ತು.

ಹೊಗೆ ಹಾಕಲು ಗುಂಡಿ ತೋಡುತ್ತಿದ್ದಾಗ ಸೌದೆ ಹೊತ್ತ ಚಿನ್ನಿ ಬೇಲಿಯಾಚೆ ನಿಂತಳು.

"ಹೊಗೆ ಹಾಕ್ಲಿಲ್ಲ ಅಲ್ವಾ? ಈಗಲೂ ತೊಳೆದು ಹೂಳಬಹುದು. ಹೊಗೆ ಕುಡಿದ್ಮೇಲೆ ಒಳಗೆ ಹೋದದ್ದು ತಾನಾಗಿ ಹೊರಗೆ ಬರೋದಿಲ್ಲ."

"ಹೊರಗೆ ಬರಬಾರದು ಅಂತಲೇ ಹೊಗೆ ಹಾಕೋದು ಚಿನ್ನಿ. ಪುಸ್ತಕದಲ್ಲೂ ಹಾಗೇ ಬರೆದಿದೆ."

ಕೊಳೆತು ಲಡ್ಡಾದ ಮರದ ಹೊಗೆಯಲ್ಲಿ ತೊಗಲು ಜೇನಿನ ಬಣ್ಣಕ್ಕೆ ತಿರುಗಿತು.

ಹೆಣ್ಣು ಹುಟ್ಟಿತು. ಗಟ್ಟಿ ದನಿಯ ಕೂಸು. ಅದು ಅತ್ತರೆ ಕೂಲಿಯವರ ಲೈನಿನ ಕೊನೆಯ ಮನೆಯವರೂ ಎದ್ದು ಕೂರುತ್ತಿದ್ದರು. ಹನ್ನೊಂದನೆಯ ದಿನ ಅದನ್ನು ತೊಟ್ಟಿಲಿಗೆ ಹಾಕಿದರು. ಕೆಳಗೆ ತೊಗಲು. ಕೂಸಿನ ತಲೆ ತೊಗಲಿನ ಕುತ್ತಿಗೆಯ ಕಡೆಗೇ ಬಂತು.

ಮರುದಿನ ಕೂಸು ಅಳಲಿಲ್ಲ.

"ಎಷ್ಟು ಒಳ್ಳೆ ಕೂಸು ನೋಡಿ, ಅಳುದೇ ಇಲ್ಲೆ," ಎಂದಳು ಯಮುನ. ಇಬ್ಬರೂ ನಕ್ಕರು.

ತೊಟ್ಟಿಲಿಗೆ ಹಾಕಿದ ಮೂರನೆಯ ದಿನ ಅವಳು ನಗಲಿಲ್ಲ. "ನಿನ್ನೆವರೆಗೆ ಕುಡಿತಿತ್ತ್. ಇಂದ್ ಬಾಯಿಗಿಟ್ಟರೂ ಎಂತ ಮಾಡೊಕು ಗೊತ್ತಿಲ್ಲೆ ಅದ್ಕೆ."

ಮಾಯಿಲಪ್ಪ ಒಳಲೆಯಲ್ಲಿ ಹಾಲು ಹಾಕಿ ನೋಡಿದ. ಹಾಲು ಕೆನ್ನೆಯ ಮೇಲಿಂದ ಇಳಿಯಿತು. ಜ್ವರವಿಲ್ಲ. ಕಣ್ಣು ತೆರೆದೇ ಇತ್ತು. ಗೋಣಿಕೊಪ್ಪದಿಂದ ಬಂದ ಡಾಕ್ಟರು ಎದೆ ನೋಡಿದರು, ಹೊಟ್ಟೆ ನೋಡಿದರು. ಮೈಯಲ್ಲಿ ಏನೂ ಕಾಣುವುದಿಲ್ಲ, ಹೊತ್ತು ಇಳಿಯುವುದರೊಳಗೆ ಮಡಿಕೇರಿಗೆ ಸಾಗಿಸಿ ಎಂದರು.

ಎಸ್ಟೇಟಿನ ಜೀಪಿಗೆ ಹೇಳಿ ಕಳಿಸಿ ಅವನು ತೊಟ್ಟಿಲಿನ ಬಟ್ಟೆ ತೆಗೆಯಲು ಬಗ್ಗಿದ. ಹೊಗೆಯ ವಾಸನೆ ಇರಲಿಲ್ಲ. ಹಸಿ ಮೃಗದ ವಾಸನೆ ಇತ್ತು. ಒಣಗದೆ ಉಳಿದಿದ್ದ ಆ ಅಂಗೈಯಗಲ ಈಗ ಒಣಗಿತ್ತು. ಬೆಚ್ಚಗಿತ್ತು. ಕೈ ಇಟ್ಟ. ಅಡಿಯಲ್ಲಿ ಏನೋ ಸಣ್ಣಗೆ ಮಿಡಿಯುತ್ತಿತ್ತು, ಹಸುಗೂಸಿನ ನೆತ್ತಿ ಮಿಡಿಯುವ ಹಾಗೆ.

ಹೊರಗೆ, ನಡುಹಗಲಿನ ಮಂಜಿನಲ್ಲಿ, ಕಾಫಿ ಗಿಡಗಳ ನಡುವೆ ಕಾಡುಕುರಿ ಒಮ್ಮೆ ಬೊಗಳಿತು.

ಕೂಸಿನ ಉಸಿರು ನಿಂತಿತು.

ಯಮುನ ಅದನ್ನು ಎತ್ತಿ ಕುಲುಕಿದಳು. ಉಸಿರು ಬಂತು, ತಡೆದು ತಡೆದು, ದಾರಿ ತಪ್ಪಿದವರು ಹೆಜ್ಜೆ ಇಡುವಂತೆ.

ಹುಟ್ಟಿದ ಕೂಸಿಗೆ ಗೊತ್ತಿರುವುದು ಮೂರೇ. ಅಳುವುದು, ಕುಡಿಯುವುದು, ಉಸಿರಾಡುವುದು. ಎರಡು ಹೋಗಿದ್ದವು.

ಜೀಪು ಇನ್ನೂ ಬಂದಿರಲಿಲ್ಲ. ಅವನು ತೊಗಲನ್ನು ಎಳೆದುಕೊಂಡು ಚಿನ್ನಿಯ ಗುಡಿಸಲಿಗೆ ಓಡಿದ.

ಚಿನ್ನಿ ಅದನ್ನು ಮುಟ್ಟಲಿಲ್ಲ. ದೂರದಿಂದಲೇ ನೋಡಿದಳು.

"ಸುಟ್ಟುಬಿಡ್ಲಾ?"

"ಒಳಗೆ ಹೋಗಿರೋದೂ ಸುಡ್ತದೆ."

"ಇದು ಮಾಟವಾ ಚಿನ್ನಿ?"

"ಮಾಟವೇ. ಮಾಡಿದ್ದು ನೀವು. ಹಚ್ಚಿದ ಕೈ ನಿಮ್ದು." ಅವಳು ಜಗಲಿಯ ಕಡೆ ನೋಡಿದಳು. "ಅದಕ್ಕೆ ಬೇಕಾದ್ದು ಒಂದು ತಲೆ. ಕೂಸಿನ ತಲೇಲಿ ಏನಿದೆ, ಒಂದು ಹನಿ. ದೊಡ್ಡದು ಕೊಟ್ರೆ ಸಣ್ಣದನ್ನ ಬಿಡ್ತದೆ. ಚಿನ್ನ ನಮ್ಮ ಮಗನಿಗೆ ಅಂತ ತನ್ನದನ್ನ ಕೊಟ್ಟ."

"ಮಗ?"

"ಬದುಕಿದ್ದಾನೆ. ನಾಗರಹೊಳೆಯಲ್ಲಿ ಮರದ ಕೆಲಸ. ಬಂದಾಗಲೆಲ್ಲ ಇವನು ಅವನನ್ನೂ ಕೇಳ್ತಾನೆ, ಯಾರ ಕಡೆಯವರು ಅಂತ."

ಮಾಯಿಲಪ್ಪ ಜಗಲಿಯತ್ತ ನೋಡಿದ. ಹೆಬ್ಬೆರಳು ತೊಗಲನ್ನು ತಿಕ್ಕುತ್ತಿತ್ತು. ಕಾಡುಕುರಿ ಮತ್ತೆ ಬೊಗಳಿತು, ಈ ಸಲ ಲೈನಿನ ಕಡೆಯಿಂದ.

"ಬೇಗ ಮಾಡು," ಎಂದ.

ಹೊಗೆ ಹಾಕುವ ಗುಡಿಸಲಿಗೆ ಕಿಟಕಿ ಇರಲಿಲ್ಲ. ಚಿನ್ನಿ ಬಾಗಿಲಿಗೆ ಬಿದಿರ ತಟ್ಟಿ ಅಡ್ಡ ಇಟ್ಟಳು. ನಡುಹಗಲು ಹೊರಗೇ ಉಳಿಯಿತು. ಮಸಿ, ಬೂದಿ, ಹಳೆಯ ಕೊಬ್ಬಿನ ಕಮಟು. ಅವನು ತೊಗಲನ್ನು ಬಿಸಿನೀರಿನಲ್ಲಿ ಅದ್ದಿ, ತಲೆಯ ಮೇಲೆ ಹೊದ್ದುಕೊಂಡು ಕೂತ. ಕತ್ತಲಲ್ಲಿ ಚಿನ್ನಿ ಏನೋ ಹೇಳತೊಡಗಿದಳು. ಯಾವ ಭಾಷೆಯೋ ತಿಳಿಯಲಿಲ್ಲ.

ತೊಗಲು ಬಿಗಿಯಿತು.

ಹಣೆಗೆ. ಕಿವಿಗೆ. ಮೂಗಿಗೆ. ಬೆಚ್ಚಗೆ. ಅದು ಎಳೆಯುತ್ತಿತ್ತು. ಅವನು ಅದನ್ನು ಎಳೆದ ಹಾಗೆಯೇ, ಎರಡೂ ಕೈಯಲ್ಲಿ ಹಿಡಿದು, ಬಿಡದೆ. ಮೊದಲು ಪುಸ್ತಕ ಹೋಯಿತು. ಆಮೇಲೆ ಅಕ್ಷರಗಳು. ಕಾಫಿ ಪಿಕ್ಕಿಂಗಿಗೆ ಬರುವವರ ಹೆಸರುಗಳು. ಕರಿಕೆಯಲ್ಲಿ ಅಪ್ಪನ ಮನೆಗೆ ಹತ್ತುವ ದಾರಿ. ಅಪ್ಪ. ಅವ್ವನ ಸೆರಗಿನ ವಾಸನೆ. ಬೇಡ, ಅದು ಬೇಡ. ಹೋಯಿತು. ಅವನು ಒಂದನ್ನು ಗಟ್ಟಿಯಾಗಿ ಹಿಡಿದ. ಒಂದು ಮುಖ. ಮೂಗಿನ ಪಕ್ಕ ಸಣ್ಣ ಮಚ್ಚೆ. ಹೆಸರು ಬಾಯಿಯಲ್ಲೇ ಇತ್ತು. ಯ. ಯ.

ಹೋಯಿತು.

ದೂರದಲ್ಲಿ ಏನೋ ಕಿರುಚಿತು. ತೆಳ್ಳಗೆ, ಗಟ್ಟಿಯಾಗಿ, ನಿಲ್ಲದೆ. ಅದೇನೆಂದು ಅವನಿಗೆ ಗೊತ್ತಾಗಲಿಲ್ಲ.

ಹೊತ್ತು ಇಳಿಯುವ ಮೊದಲು ಯಮುನ ಚಿನ್ನಿಯ ಗುಡಿಸಲಿನ ಅಂಗಳಕ್ಕೆ ಬಂದಳು. ಸೆರಗಿನೊಳಗೆ ಕೂಸು ಚೀಪುತ್ತಿತ್ತು. ಓಡಿ ಬಂದು ಉಸಿರು ಸಿಗುತ್ತಿರಲಿಲ್ಲ, ಆದರೂ ನಗುತ್ತಿದ್ದಳು.

"ಕುಡಿತುಟ್ಟು," ಎಂದಳು. "ನೋಡಿ, ಕೂಸು ಕುಡಿತುಟ್ಟು."

ಜಗಲಿಯ ಮುಂದೆ ನಿಂತಿದ್ದವನು ಅವಳನ್ನು ನೋಡಿದ. ಕೂಸನ್ನು ನೋಡಿದ. ಅವನ ಕೈಯಲ್ಲಿ ಜೇನುಬಣ್ಣದ ತೊಗಲಿತ್ತು. ಹೆಬ್ಬೆರಳು ಅದರ ಮೇಲೆ ಮೆಲ್ಲಗೆ ಆಡುತ್ತಿತ್ತು.

"ನೀವು ಯಾರ ಕಡೆಯವರು?" ಎಂದು ಮರ್ಯಾದೆಯಿಂದ ಕೇಳಿದ.

ಚಿನ್ನ ತಲೆ ಎತ್ತಲಿಲ್ಲ. ಅವನಿಗೆ ಕೂರಲು ಜಾಗವಾಗುವಂತೆ ಜಗಲಿಯ ಮೇಲೆ ಸ್ವಲ್ಪ ಸರಿದ.